ಹನ್ನೊಂದು ಲೀಟರು ನೀರು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಬದಿಯಲ್ಲಿ ನಯಾಜ್ ಪಾಷಾ ಅವರ ಶೆಡ್ಡು ಇದೆ. ಟ್ರ್ಯಾಕ್ಟರಿಗೆ ಕಟ್ಟುವ ನೀರಿನ ಟ್ಯಾಂಕರು ಮಾಡುವುದು ಅವರ ಕೆಲಸ. ಚಿಕ್ಕರಸಿನಕೆರೆಯ ನಮ್ಮ ಮನೆಯ ಟ್ಯಾಂಕರನ್ನೂ ಅವರೇ ಮಾಡಿದ್ದು. ಹದಿನಾಲ್ಕು ವರ್ಷವಾಯಿತು, ಒಂದು ಹನಿ ಸೋರಿಲ್ಲ. ಆ ಬುಧವಾರ ನಾನು ಅವರನ್ನು ಹುಡುಕಿಕೊಂಡು ಹೋದದ್ದು ಅದಕ್ಕೇ. ನನಗೆ ಸೋರದ ಒಂದು ಸಣ್ಣ ಟ್ಯಾಂಕು ಬೇಕಿತ್ತು, ಅದೂ ಮರುದಿನ ಸಂಜೆಯೊಳಗೆ.

"ಯಾತುಕ್ಕೆ?" ಎಂದರು.

"ಹಡ್ಗು ಅಲ್ಲಾಡ್ದಂಗೆ ಮಾಡೋಕೆ ಪಾಷಣ್ಣ."

ಅವರು ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿದರು. "ಸಿಂಸಾ ಒಳೇಲಿ ಅಡಗು ಬುಡ್ತಿದ್ದೀಯೇನಮ್ಮ?"

ಶೆಡ್ಡಿನ ಹಿಂದೆಯೇ ಅವರ ಮನೆ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅವರ ತಾಯಿ ಮಹಬೂಬ್ ಬೀ ತಲೆ ಎತ್ತದೆ ನಕ್ಕರು. ಎಪ್ಪತ್ತು ದಾಟಿದ ಹೆಂಗಸು. ನಾನು ಚಿಕ್ಕವಳಿದ್ದಾಗಿನಿಂದ ಅಜ್ಜಿ ಎಂದೇ ಕರೆಯುವುದು.

ನಾನು ಮಂಗಳೂರಿನ ಒಂದು ಸಣ್ಣ ಕಚೇರಿಯಲ್ಲಿ ಮೀನುಗಾರಿಕೆ ದೋಣಿಗಳ ನಕ್ಷೆ ಮಾಡುತ್ತೇನೆ. ದೊಡ್ಡ ದೋಣಿಗಳು, ಹತ್ತು ದಿನ ಕಡಲಲ್ಲೇ ಇರುವಂಥವು. ಅಲೆ ಪಕ್ಕದಿಂದ ಬಂದರೆ ಅವು ಎಡಕ್ಕೂ ಬಲಕ್ಕೂ ಓಲಾಡುತ್ತವೆ. ಎರಡು ವರ್ಷದ ಹಿಂದೆ ನಮ್ಮ ಕಚೇರಿ ಮಾಡಿಕೊಟ್ಟ ಒಂದು ದೋಣಿಯಲ್ಲಿ ಹಾಗೆ ಓಲಾಡುವಾಗ ಐಸಿನ ಪೆಟ್ಟಿಗೆ ಜಾರಿ ನಾಗರಾಜು ಎಂಬವನ ಎರಡು ಬೆರಳು ಹೋದವು. ಈಗ ಅದೇ ಅಳತೆಯ ಮತ್ತೊಂದು ದೋಣಿ ತಯಾರಾಗುತ್ತಿತ್ತು. ಓಲಾಟ ತಗ್ಗಿಸಲು ಅದರಲ್ಲಿ ನೀರಿನ ಟ್ಯಾಂಕು ಇಡಬೇಕೆಂದು ನಾನು ಹೇಳಿದ್ದೆ. ಇಟ್ಟರೆ ಓಲಾಟ ಅರ್ಧಕ್ಕಿಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ನಾನು ಕಟ್ಟಿದ ಮಾದರಿ ತೋರಿಸಿತ್ತು.

ನಮ್ಮ ಮುಖ್ಯಸ್ಥ ರವಿಚಂದ್ರ ಸರ್ ಒಪ್ಪಲಿಲ್ಲ. "ಹಿಂದಿನ ದೋಣಿಯಲ್ಲೂ ಇಂಥದೇ ಟ್ಯಾಂಕು ಇಟ್ಟಿದ್ದೆವು. ಓಲಾಟ ಜಾಸ್ತಿ ಆಯಿತು ಅಂತ ಒಂದೇ ವರ್ಷಕ್ಕೆ ಕಿತ್ತು ಹಾಕಿದರು. ಯಾಕೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕಂಪ್ಯೂಟರಿನ ಲೆಕ್ಕ ನನಗೆ ಸಾಲದು. ಕೈಯಲ್ಲಿ ಮಾಡಿ ಅಳೆದ ಒಂದು ಅಳತೆ ತಾ. ಸೋಮವಾರ ಬೆಳಿಗ್ಗೆ ನಕ್ಷೆ ಕಾರ್ಖಾನೆಗೆ ಹೋಗುತ್ತೆ. ಅಷ್ಟರೊಳಗೆ ತಂದರೆ ಟ್ಯಾಂಕು ಇರುತ್ತೆ. ಇಲ್ಲದಿದ್ದರೆ ಆ ಜಾಗದಲ್ಲಿ ಮೀನು ತುಂಬುತ್ತಾರೆ" ಎಂದರು.

ಮಂಗಳೂರಿನಲ್ಲಿ ಕೇಳಿದ ಕಡೆಯೆಲ್ಲ ಮೂರು ವಾರ ಎಂದರು. ನಾನು ಬಸ್ಸು ಹತ್ತಿ ಊರಿಗೆ ಬಂದೆ.

ಪಾಷಣ್ಣನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಎಡಕ್ಕೊಂದು ಡಬ್ಬ, ಬಲಕ್ಕೊಂದು ಡಬ್ಬ. ಕೆಳಗೆ ಎರಡನ್ನೂ ಸೇರಿಸುವ ಚಪ್ಪಟೆ ಕೊಳವೆ. ಮೇಲೆ ಗಾಳಿ ಓಡಾಡಲು ಒಂದು ಪೈಪು. ಒಳಗೆ ಅರ್ಧದಷ್ಟು ನೀರು.

"ಅರ್ಧ ನೀರಾ?" ಪಾಷಣ್ಣ ಕಾಗದವನ್ನು ದೂರ ಹಿಡಿದು ನೋಡಿದರು. "ಅರ್ಧ ತುಂಬ್ದ ಟ್ಯಾಂಕರು ತಿರುವ್ನಲ್ಲಿ ಗಾಡೀನೇ ಎಳ್ಕಂಡೋಯ್ತದೆ. ಅದು ಎಳೀಬಾರ್ದು ಅಂತ್ಲೇ ನಾವು ಒಳ್ಗೆ ಅಡ್ಡ ತಗಡು ಬಡಿಯೋದು. ನೀನು ಆ ಎಳ್ತಾನೇ ಬೇಕು ಅಂತೀಯಲ್ಲ."

"ಬೇಕು. ಆದ್ರೆ ಉಲ್ಟಾ ಕಡೆಗೆ ಎಳೀಬೇಕು. ದೋಣಿ ಎಡಕ್ಕೆ ವಾಲಿದಾಗ ನೀರೂ ಎಡಕ್ಕೆ ಹೊರಡ್ತದೆ. ಆ ಸಣ್ಣ ಕೊಳವೇಲಿ ನುಗ್ಗಿ ಎಡಕ್ಕೆ ಬರೋ ಹೊತ್ಗೆ ತಡ ಆಗಿರ್ತದೆ. ಅಷ್ಟ್ರಲ್ಲಿ ದೋಣಿ ಬಲಕ್ಕೆ ಹೊರಟಿರ್ತದೆ. ನೀರಿನ ಭಾರ ಎಡಕ್ಕೆ ಕೂತು ಅದನ್ನ ಹಿಡ್ಕೊಳ್ತದೆ."

"ಅಂದ್ರೆ ನೀರು ಯಾವಾಗ್ಲೂ ಲೇಟು."

"ಎಷ್ಟು ಲೇಟು ಅನ್ನೋದೇ ಲೆಕ್ಕ."

"ನಮ್ ಗಿರಾಕಿಗೋಳಂಗೆ" ಎಂದು ತಗಡು ಕತ್ತರಿಸಲು ಎದ್ದರು.

ಗುರುವಾರ ಸಂಜೆ ಟ್ಯಾಂಕು ತಯಾರಾಯಿತು. ಅದನ್ನು ಕೂರಿಸಲು ಮಂಡ್ಯದ ಗುಜರಿಯಿಂದ ತಂದ ಬೇರಿಂಗು, ಸ್ಪ್ರಿಂಗು ಹಾಕಿ ಒಂದು ಚೌಕಟ್ಟು ಮಾಡಿದ್ದರು. ಒಂದು ಬದಿಯನ್ನು ಕೆಳಗೆ ಒತ್ತಿ ಬಿಟ್ಟರೆ ಅದು ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಎಡಕ್ಕೆ ಹೋಗಿ ಬಲಕ್ಕೆ ಬಂದರೆ ಒಂದು ಸುತ್ತು, ಅದಕ್ಕೆ ಎರಡು ಸೆಕೆಂಡು. ದೋಣಿಯ ಬದಲು ಅದು. ಮಹಬೂಬ್ ಬೀ ಬಂದು ಸುತ್ತ ಒಂದು ಸಲ ನೋಡಿ, "ತೊಟ್ಲು" ಎಂದರು. ಆಮೇಲೆ ಎಲ್ಲರೂ ಹಾಗೇ ಕರೆದೆವು.

ಮೊದಲು ಖಾಲಿ ಟ್ಯಾಂಕಿನ ಅಳತೆ. ನನ್ನ ಮೊಬೈಲನ್ನು ಚೌಕಟ್ಟಿಗೆ ಟೇಪು ಹಾಕಿ ಅಂಟಿಸಿದೆ. ಎಷ್ಟು ವಾಲಿತು ಎಂಬುದನ್ನು ಅದೇ ಬರೆದುಕೊಳ್ಳುತ್ತದೆ. ಹತ್ತು ಡಿಗ್ರಿ ವಾಲಿಸಿ ಬಿಟ್ಟರೆ ಓಲಾಟ ಅರ್ಧಕ್ಕೆ ಇಳಿಯಲು ಹದಿನಾಲ್ಕು ಸುತ್ತು ಬೇಕಾಯಿತು. ನೀರು ಹಾಕಿದ ಮೇಲೆ ಮೂರೇ ಸುತ್ತಿಗೆ ಇಳಿಯಬೇಕು ಎಂದು ನನ್ನ ಮಾದರಿ ಹೇಳುತ್ತಿತ್ತು. ಲೀಟರಿನ ಜಗ್ಗಿನಲ್ಲಿ ಅಳೆದು ಹನ್ನೊಂದು ಲೀಟರು ಸುರಿದು, ಶೆಡ್ಡಿನ ಧೂಳು ಬೀಳದ ಹಾಗೆ ಮುಚ್ಚಳ ತಿರುಗಿಸಿ ಬಿಗಿ ಮಾಡಿದೆ. ಟ್ಯಾಂಕರಿಗೆ ಹಾಕುವಂಥದೇ ಹಿತ್ತಾಳೆ ಮುಚ್ಚಳ, ಒಳಗೆ ರಬ್ಬರು. ಒಮ್ಮೆ ತೂಗಿಸುವಷ್ಟರಲ್ಲಿ ಬೇರಿಂಗು ಕಿರ್ ಎಂದು ಹಿಡಿದುಕೊಂಡಿತು.

"ನಾಳಿಕ್ಕೆ ಬದ್ಲಾಯಿಸ್ತೀನಿ. ಬೆಳಿಗ್ಗೆನೇ ಮಾಡ್ಬೇಕು, ಮದ್ಯಾನ ನಮಾಜೈತೆ" ಎಂದರು ಪಾಷಣ್ಣ.

ಶುಕ್ರವಾರ ನಾನು ಹತ್ತೂವರೆಗೆ ಹೋದಾಗ ಹೊಸ ಬೇರಿಂಗು ಕೂತಿತ್ತು. ಒತ್ತಿ ಬಿಟ್ಟೆ. ಹದಿಮೂರು ಸುತ್ತು.

ಮತ್ತೆ ಬಿಟ್ಟೆ. ಹದಿಮೂರು. ಐದು ಡಿಗ್ರಿಯಿಂದ ಬಿಟ್ಟೆ, ಹದಿನೈದು ಡಿಗ್ರಿಯಿಂದ ಬಿಟ್ಟೆ. ಹನ್ನೆರಡು, ಹದಿಮೂರು. ನೀರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಜೊತೆಗೆ ಓಲಾಟವೂ ಮೊದಲಿಗಿಂತ ನಿಧಾನವಾಗಿತ್ತು. ಗುಜರಿಯ ಸ್ಪ್ರಿಂಗು ಸಡಿಲವಾಗಿರಬೇಕು ಎಂದುಕೊಂಡೆ. ಶನಿವಾರ ಮಂಡ್ಯಕ್ಕೆ ಹೋಗಿ ಬೇರೆ ಸ್ಪ್ರಿಂಗು ತಂದೆ. ಅದನ್ನು ಹಾಕಿದರೂ ಅಷ್ಟೇ. ಪಾಷಣ್ಣ ಮಳವಳ್ಳಿಯ ಗಿರಾಕಿಯ ಟ್ಯಾಂಕರನ್ನು ಬದಿಗಿಟ್ಟು ಮೂರು ಸಲ ತೊಟ್ಟಿಲನ್ನು ಬಿಚ್ಚಿ ಜೋಡಿಸಿದರು. ಒಂದು ಸಲವೂ ಮುಖ ಗಂಟಿಕ್ಕಲಿಲ್ಲ. ಗಂಟಿಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು.

ಶನಿವಾರ ಸಂಜೆ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪು ತೆಗೆದು ಕೂತೆ. ಟ್ಯಾಂಕು ತಪ್ಪಲ್ಲ, ತೊಟ್ಟಿಲು ತಪ್ಪಲ್ಲ ಎಂದ ಮೇಲೆ ತಪ್ಪು ನನ್ನ ಮಾದರಿಯದೇ. ಕೊಳವೆಯ ಗೋಡೆ ನೀರನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಅದರಲ್ಲಿ ಒಂದು ಅಂಕಿ ಇದೆ. ಆ ಅಂಕಿಯನ್ನು ಏರಿಸುತ್ತ ಹೋದೆ. ನಲವತ್ತು ಪಟ್ಟು ಏರಿಸಿದಾಗ ಮಾದರಿಯೂ ಹದಿಮೂರು ಎಂದಿತು. ನೀರಿಗಲ್ಲ, ಆರಿದ ಡಾಂಬರಿಗೆ ಹೊಂದುವ ಅಂಕಿ ಅದು. ಆದರೂ ಅಳತೆಗೆ ಹೊಂದಿತಲ್ಲ.

ನಮ್ಮಪ್ಪ ಮರಿಸಿದ್ದಯ್ಯ ಎಮ್ಮೆಗೆ ಹುಲ್ಲು ಹಾಕಿ ಬಂದು ಹಿಂದೆ ನಿಂತು ಪರದೆ ನೋಡಿದರು. "ನೀರು ಅಲ್ಲಾಡೋದ್ ನೋಡಕ್ಕೆ ಮಂಗ್ಳೂರ್ಗಂಟ ಓಗಿದ್ದೇನವ್ವ? ನಮ್ ಟ್ಯಾಂಕರ್ನಲ್ಲೂ ಅಲ್ಲಾಡ್ತದಲ್ಲ."

"ನನ್ನ ಟ್ಯಾಂಕಲ್ಲಿ ಅಲ್ಲಾಡ್ತಾನೇ ಇಲ್ಲ ಕಣಪ್ಪ."

"ಅಂಗಾರೆ ಬುಡು, ಅದು ನೀರೇ ಅಲ್ಲ" ಎಂದು ಕೈ ತೊಳೆಯಲು ಹೋದರು.

ರವಿಚಂದ್ರ ಸರ್‌ಗೆ ಒಂದು ಮೇಲ್ ಬರೆದೆ. ಟ್ಯಾಂಕಿನಿಂದ ಪ್ರಯೋಜನ ಕಾಣುತ್ತಿಲ್ಲ, ನಕ್ಷೆಯಿಂದ ತೆಗೆಯಬಹುದು ಎಂದು ಎರಡು ಸಾಲು. ಬರೆದು ಕಳಿಸದೆ ಇಟ್ಟೆ. ಸೋಮವಾರಕ್ಕೆ ಇನ್ನೂ ಒಂದು ದಿನವಿತ್ತು. ಧೈರ್ಯವೂ ಇರಲಿಲ್ಲ.

ಭಾನುವಾರ ಶೆಡ್ಡಿಗೆ ಹೋದದ್ದು ತೊಟ್ಟಿಲು ಬಿಚ್ಚಿಸಿ, ಪಾಷಣ್ಣನಿಗೆ ಹೇಳಿ ಹೊರಡುವುದಕ್ಕೆ. ಹೋದಾಗ ಅವರು ಗ್ರೈಂಡರು ಹಿಡಿದು ಮಳವಳ್ಳಿ ಟ್ಯಾಂಕರಿನ ಅಂಚು ಉಜ್ಜುತ್ತಿದ್ದರು. ಪಕ್ಕದ ಹಿಟ್ಟಿನ ಗಿರಣಿಯೂ ಓಡುತ್ತಿತ್ತು. ಎದುರು ನಿಂತು ಕೂಗಿದರೂ ಕೇಳುವಂತಿರಲಿಲ್ಲ. ಅವರ ಕೆಲಸ ಮುಗಿಯಲಿ ಎಂದು ಸ್ಟೂಲಿನ ಮೇಲೆ ಕೂತು, ಸುಮ್ಮನೆ ಕೈಗೆ ಸಿಕ್ಕಿದ್ದನ್ನು ಆಡಿಸುವ ಹಾಗೆ ತೊಟ್ಟಿಲನ್ನು ತೂಗುತ್ತಿದ್ದೆ.

ಕರೆಂಟು ಹೋಯಿತು. ಗ್ರೈಂಡರು ನಿಂತಿತು, ಗಿರಣಿ ನಿಂತಿತು. ಮೂರು ದಿನದಲ್ಲಿ ಮೊದಲ ಸಲ ಆ ಶೆಡ್ಡಿನಲ್ಲಿ ಸದ್ದಿರಲಿಲ್ಲ. ಬೇರಿಂಗಿನ ಸಣ್ಣ ಕಿರುಕಿರು ಮಾತ್ರ.

ಪಾಷಣ್ಣ ಕನ್ನಡಕ ತೆಗೆದು ತಲೆ ವಾರೆ ಮಾಡಿ ನಿಂತರು. "ಇನ್ನೊಂದ್ಸಲ ತೂಗಮ್ಮ."

ತೂಗಿದೆ.

"ಈ ಟ್ಯಾಂಕು ತುಂಬೈತೆ."

"ಅರ್ಧ ಐತೆ ಪಾಷಣ್ಣ. ಹನ್ನೊಂದು ಲೀಟರು ನಾನೇ ಅಳ್ದು ಹಾಕಿದ್ದು."

"ನಲವತ್ತು ವರ್ಸದಿಂದ ಟ್ಯಾಂಕರ್ ಮಾಡ್ತಿವ್ನಿ. ಅರ್ಧ ಇದ್ರೆ ದುಬುಕ್ ದುಬುಕ್ ಅಂತದೆ. ತುಂಬಿದ್ರೆ ಬಾಯ್ ಮುಚ್ಕಂಡಿರ್ತದೆ. ಇದು ಬಾಯ್ ಮುಚ್ಕಂಡೈತೆ."

ನಾನು ಮುಚ್ಚಳ ತಿರುಗಿಸಿದೆ. ನೀರು ಕತ್ತಿನವರೆಗೆ ಇತ್ತು. ಮುಚ್ಚಳ ತೆಗೆದ ಕೂಡಲೇ ಒಂದಿಷ್ಟು ನನ್ನ ಚಪ್ಪಲಿಯ ಮೇಲೆ ಚೆಲ್ಲಿತು.

ನೀರಿಗೆ ಓಡಾಡಲು ಜಾಗವೇ ಇರಲಿಲ್ಲ. ಎರಡು ದಿನ ನಾನು ತೂಗಿದ್ದು ಟ್ಯಾಂಕನ್ನಲ್ಲ, ಒಂದು ಭಾರದ ಕಲ್ಲನ್ನು. ಓಲಾಟ ನಿಧಾನವಾದದ್ದೂ ಅದಕ್ಕೇ; ಮೇಲೆ ಭಾರ ಹೆಚ್ಚಾಗಿತ್ತು, ಸ್ಪ್ರಿಂಗಿನದೇನೂ ತಪ್ಪಿರಲಿಲ್ಲ. ಪಾಷಣ್ಣನ ಕೆಲಸ ಸ್ವಲ್ಪ ಕಳಪೆಯಾಗಿದ್ದು ಟ್ಯಾಂಕಿನ ಮೇಲಿನ ಅರ್ಧದಲ್ಲಿ ಎಲ್ಲಾದರೂ ಒಂದು ಹನಿ ಜಿನುಗಿದ್ದರೂ ಶುಕ್ರವಾರವೇ ಗೊತ್ತಾಗುತ್ತಿತ್ತು.

"ಯಾರು ತುಂಬಿದ್ದು ಇದನ್ನ?" ಪಾಷಣ್ಣ ಮನೆಯ ಕಡೆ ತಿರುಗಿ ಕೇಳಿದರು.

"ನಾನೇ" ಎಂದು ಮಹಬೂಬ್ ಬೀ ಹೊರಗೆ ಬಂದರು. ಮುಚ್ಚಿಡುವ ಮಾತೇ ಇಲ್ಲ. "ಸುಕ್ರವಾರ ಬೆಳಿಗ್ಗೆ ನಲ್ಲಿ ಬಂದಿತ್ತು. ಬಿಂದ್ಗೆ, ಡ್ರಮ್ಮು ಎಲ್ಲಾ ತುಂಬ್ದೆ. ಇದರ ಮುಚ್ಚಳ ತೆಗ್ದು ನೋಡಿದ್ರೆ ಅರ್ಧ. ತುಂಬ್ದೆ. ಯಾಕೆ?"

"ಅಮ್ಮೀ, ಅದು ಅರ್ಧಾನೇ ಇರ್ಬೇಕಿತ್ತು."

"ಯಾವನ್ಲಾ ಅಂಗೇಳಿದ್ದು? ಮೂರು ದಿನಕ್ಕೊಂದ್ಸಲ ನಲ್ಲಿ ಬತ್ತದೆ. ನೀರು ಬಂದ ದಿನ ಅರ್ಧ ಪಾತ್ರೆ ಮಡಗೋ ಎಣ್ಣು ಈ ಬೀದೀಲಿ ಯಾರವ್ಳೆ, ತೋರ್ಸು ನೋಡಾನ."

ಯಾರೂ ಇಲ್ಲ. ನಮ್ಮ ಮನೆಯಲ್ಲೂ ಇಲ್ಲ. ನಾನು ಕಂಡ ಯಾವ ಹೆಂಗಸೂ ನಲ್ಲಿ ನಿಂತ ಮೇಲೆ ಅರ್ಧ ಪಾತ್ರೆ ಉಳಿಸಿಕೊಂಡವಳಲ್ಲ. ನಾನೇ ಹಾಸ್ಟೆಲಿನಲ್ಲಿ ಐದು ವರ್ಷ ಬಕೆಟ್ಟನ್ನು ಅಂಚಿನವರೆಗೆ ತುಂಬಿಸಿಟ್ಟುಕೊಂಡವಳು.

ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನನ್ನ ತಲೆ ಆಗಲೇ ಬೇರೆ ಕಡೆ ಹೋಗಿತ್ತು. ಹೊರಗೆ ಹೋಗಿ ನಾಗರಾಜುಗೆ ಫೋನು ಮಾಡಿದೆ. ಬೆರಳು ಕಳೆದುಕೊಂಡವನು. ಈಗ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಬಲೆ ಹೊಲಿಯುತ್ತಾನೆ.

"ನಾಗರಾಜು, ನಿಮ್ಮ ಹಳೇ ದೋಣೀಲಿ ಒಂದು ಅಡ್ಡ ಟ್ಯಾಂಕು ಇತ್ತಲ್ಲ, ಓಲಾಟಕ್ಕೆ ಅಂತ. ಅದರಲ್ಲಿ ಎಷ್ಟು ನೀರಿರ್ತಿತ್ತು?"

"ಫುಲ್ ಮೇಡಂ."

"ಅರ್ಧ ಅಂತ ಬರೆದಿರಲಿಲ್ವಾ?"

"ಏನೋ ಗೆರೆ ಹಾಕಿದ್ರು. ಹತ್ತು ದಿನಕ್ಕೆ ಕಡಲಿಗೆ ಹೋಗೋರು ಯಾರು ಮೇಡಂ ಅರ್ಧ ಟ್ಯಾಂಕಿ ನೀರು ತಕೊಂಡು ಹೋಗ್ತಾರೆ? ಕುಡಿಯೋಕೆ ಆಯ್ತು, ಸ್ನಾನಕ್ಕೆ ಆಯ್ತು ಅಂತ ದಕ್ಕೆಯಲ್ಲೇ ತುಂಬಿಸಿಬಿಡ್ತಿದ್ವಿ."

ಇಷ್ಟು ದಿನ ನಮ್ಮ ಕಚೇರಿಯಲ್ಲಿ ಯಾರಿಗೂ ತಿಳಿಯದೆ ಇದ್ದದ್ದು ಅಷ್ಟೇ. ತುಂಬಿದ ಟ್ಯಾಂಕು ಓಲಾಟ ತಗ್ಗಿಸುವುದಿಲ್ಲ. ಮೇಲೆ ಭಾರ ಹೇರಿ ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ. ನನ್ನ ಮಾದರಿಯಲ್ಲಿ ಅಲೆ ಇತ್ತು, ಗಾಳಿ ಇತ್ತು, ಕೊಳವೆಯ ಗೋಡೆಯ ತಡೆಯೂ ಇತ್ತು. ನೀರು ತುಂಬುವ ಮನುಷ್ಯ ಇರಲಿಲ್ಲ.

ಒಳಗೆ ಬಂದು ತಳದ ಬಿರಡೆ ತೆಗೆದು ಟ್ಯಾಂಕು ಖಾಲಿ ಮಾಡಿದೆ. ಆ ನೀರನ್ನು ಮಹಬೂಬ್ ಬೀ ಬಕೆಟ್ಟಿಗೆ ಹಿಡಿದುಕೊಂಡರು. ಹನ್ನೊಂದು ಲೀಟರು ಅಳೆದು ಸುರಿದು ತೂಗಿದೆ. ದುಬುಕ್ ದುಬುಕ್ ಎಂದಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಆಮೇಲೆ ಯಾರೋ ಕೈ ಹಿಡಿದ ಹಾಗೆ ಇಳಿಯಿತು. ಮೂರೂವರೆ ಸುತ್ತು. ಮಾದರಿ ಹೇಳಿದ್ದು ಮೂರು.

"ಇದೇನಾ?" ಎಂದರು ಪಾಷಣ್ಣ.

"ಇದೇ."

ಅವರು ಇನ್ನೆರಡು ಸಲ ತಾವೇ ತೂಗಿ ನೋಡಿದರು. ಕೆಲಸ ಚೆನ್ನಾಗಿದ್ದರೆ ಅವರು ಏನೂ ಹೇಳುವುದಿಲ್ಲ, ಹೆಬ್ಬೆರಳಿನಿಂದ ವೆಲ್ಡಿಂಗಿನ ಗೆರೆ ಸವರುತ್ತಾರೆ. ಸವರಿದರು.

ಅಳತೆ ಸಿಕ್ಕಿತು. ಆದರೆ ಅದನ್ನು ಹಾಗೇ ಕಳಿಸಿದರೆ ಹೊಸ ದೋಣಿಯವರೂ ತುಂಬಿಸುತ್ತಾರೆ, ಒಂದು ವರ್ಷಕ್ಕೆ ಕಿತ್ತು ಹಾಕುತ್ತಾರೆ. ನಾನು ಯೋಚಿಸಿದ್ದನ್ನು ಹೇಳಿದೆ: ಅರ್ಧದ ಮಟ್ಟಕ್ಕೆ ಒಂದು ತೂತು ಬಿಟ್ಟರೆ ಹೆಚ್ಚಿನ ನೀರು ತಾನೇ ಹೊರಗೆ ಹೋಗುತ್ತದೆ.

"ಅಲ್ಲಾಡುವಾಗ್ಲೂ ಓಯ್ತದಲ್ಲಮ್ಮ" ಎಂದರು ಪಾಷಣ್ಣ. ನಿಜ. ಎರಡು ಅಲೆಗೆ ಟ್ಯಾಂಕು ಖಾಲಿ.

"ದೊಡ್ಡದಾಗಿ ಬರೆಯೋದು. ಅರ್ಧ ಮಾತ್ರ ಅಂತ."

ಮಹಬೂಬ್ ಬೀ ಬಕೆಟ್ಟು ಇಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತರು. "ಬರ್ದಿದ್ದು ಯಾರು ಓದ್ತಾರೆ? ಅರ್ಧ ತುಂಬು ಅಂದ್ರೆ ನಂಗೆ ಕೈ ಬರಾಕಿಲ್ಲ ಕಣವ್ವ. ನಿಂಗೆ ಎಷ್ಟು ಬೇಕೋ ಅಷ್ಟೇ ಇಡಿಯೋ ಒಂದು ಬಿಂದ್ಗೆ ಕೊಡು. ಅದನ್ನ ಗಂಟ್ಲುಮಟ ತುಂಬ್ತೀನಿ, ಇದಕ್ಕೆ ಸುರೀತೀನಿ. ಬಿಂದ್ಗೆ ತುಂಬ್ತು, ನಿನ್ ಟ್ಯಾಂಕು ಅರ್ಧ ಆಯ್ತು. ನಾನೂ ಸರಿ, ನೀನೂ ಸರಿ."

ನಾನೂ ಪಾಷಣ್ಣನೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಇದ್ನ ಮೊದ್ಲೇ ಏಳ್ಬಾರ್ದಿತ್ತಾ ಅಮ್ಮೀ" ಎಂದರು ಅವರು.

"ಮೊದ್ಲೇ ಯಾರ್ ಕೇಳುದ್ರಿ? ಇಬ್ಬರೂ ತೊಟ್ಲು ತೂಗ್ತಾ ಕುಂತಿದ್ರಿ."

ಕರೆಂಟು ಬಂದದ್ದು ಎರಡು ಗಂಟೆಗೆ. ಪಾಷಣ್ಣ ಉಳಿದ ತಗಡಿನಲ್ಲಿ ಒಂದು ಡಬ್ಬ ಮಾಡಿದರು. ಅಂಚಿನವರೆಗೆ ತುಂಬಿದರೆ ಸರಿಯಾಗಿ ಹನ್ನೊಂದು ಲೀಟರು. ಮೊದಲ ಸಲ ಹನ್ನೊಂದೂಕಾಲು ಹಿಡಿಯಿತು. ಅಂಚು ಕತ್ತರಿಸಿ ಸರಿ ಮಾಡಿದರು. ಡಬ್ಬದ ತಳದಿಂದ ಟ್ಯಾಂಕಿಗೆ ಪೈಪು, ನಡುವೆ ಒಂದು ನಲ್ಲಿ. ಟ್ಯಾಂಕಿನ ಹಿತ್ತಾಳೆ ಮುಚ್ಚಳ ತೆಗೆದು ಆ ಬಾಯಿಗೆ ತಗಡು ಬೆಸೆದುಬಿಟ್ಟರು. ಇನ್ನು ಯಾರೇ ನೀರು ಹಾಕಬೇಕಾದರೂ ಡಬ್ಬದ ಮೂಲಕವೇ. ಮಹಬೂಬ್ ಬೀ ಅದನ್ನು ತುಂಬಿ, ಇನ್ನೊಂದು ಚೊಂಬು ಸುರಿದು, ಹೊರಚೆಲ್ಲಿದ ಮೇಲೆ ಬಿಟ್ಟರು. ನಾನು ನಲ್ಲಿ ತಿರುಗಿಸಿದೆ. ಮೂರೂವರೆ ಸುತ್ತು. ಟ್ಯಾಂಕು ಖಾಲಿ ಮಾಡಿ ಮತ್ತೆ ಅವರ ಕೈಯಲ್ಲೇ ತುಂಬಿಸಿದೆ. ಹೀಗೆ ಐದು ಸಲ. ಐದು ಸಲವೂ ಮೂರೂವರೆಯ ಆಸುಪಾಸು. ನಾನು ಜಗ್ಗಿನಲ್ಲಿ ಅಳೆದು ಹಾಕಿದ್ದಕ್ಕಿಂತ ಅವರ ಅಳತೆಯಲ್ಲೇ ಏರುಪೇರು ಕಡಿಮೆ ಇತ್ತು.

ಸಂಜೆ ಅಲ್ಲೇ ಸ್ಟೂಲಿನ ಮೇಲೆ ಕೂತು ವರದಿ ಬರೆದೆ. ಖಾಲಿ ಟ್ಯಾಂಕು, ಸರಿಯಾದ ಟ್ಯಾಂಕು, ತುಂಬಿದ ಟ್ಯಾಂಕು, ಮೂರರ ಅಳತೆಯನ್ನೂ ಹಾಕಿದೆ. ತುಂಬಿದ ಟ್ಯಾಂಕಿನ ಅಳತೆ ಎರಡು ದಿನದ್ದು ನನ್ನಲ್ಲಿತ್ತು. ಬೇಕೆಂದೇ ಮಾಡಿದ್ದರೆ ಅಷ್ಟು ಸಲ ಅಳೆಯುತ್ತಿರಲಿಲ್ಲ. ನಾಗರಾಜು ಹೇಳಿದ್ದನ್ನೂ ಬರೆದೆ. ಕಳಿಸದೆ ಇಟ್ಟಿದ್ದ ಆ ಎರಡು ಸಾಲಿನ ಮೇಲ್ ಅಳಿಸಿ ಇದನ್ನು ಕಳಿಸಿದೆ.

ಸೋಮವಾರ ಎಂಟೂವರೆಗೆ ರವಿಚಂದ್ರ ಸರ್ ಫೋನು ಮಾಡಿದಾಗ ನಾನು ಬಸ್ಸಿಗೆ ಹೊರಡುವ ಮುಂಚೆ ಶೆಡ್ಡಿಗೆ ಬಂದಿದ್ದೆ.

"ಎರಡು ಸಲ ಸುರಿದುಬಿಟ್ಟರೆ?" ಎಂದರು. ನಮಸ್ಕಾರವಿಲ್ಲ, ಏನೂ ಇಲ್ಲ.

"ನಲ್ಲಿಗೆ ಬೀಗ ಸರ್. ಬೀಗದ ಕೈ ದೋಣಿ ನಡೆಸುವ ತಂಡೇಲನ ಹತ್ತಿರ ಇರಲಿ. ಟ್ಯಾಂಕು ಖಾಲಿ ಮಾಡಿದ ಮೇಲೆಯೇ ಅವನು ತೆಗೆಯಬೇಕು."

ಆ ಕಡೆಯಿಂದ ಕಾಗದ ಮಗುಚುವ ಸದ್ದು. "ಹಿಂದಿನ ದೋಣಿಯವರನ್ನ ನಾವು ಯಾರೂ ಕೇಳಲೇ ಇಲ್ಲ" ಎಂದರು, ನನಗಲ್ಲ, ತಮಗೇ. ಆಮೇಲೆ, "ಟ್ಯಾಂಕು ಇರಲಿ. ಆ ಅಳತೆ ಡಬ್ಬವನ್ನೂ ನಕ್ಷೆಯಲ್ಲಿ ಸೇರಿಸು, ಹತ್ತು ಗಂಟೆಯೊಳಗೆ ಕಳಿಸು. ಮತ್ತೆ, ವರದಿಯ ಕೊನೆಯಲ್ಲಿ ಇದೇನು ಎರಡು ಹೆಸರು? ನಮ್ಮ ವರದಿಗಳಲ್ಲಿ ಕೃತಜ್ಞತೆ ಹಾಕುವ ರೂಢಿ ಇಲ್ಲ."

"ಗೊತ್ತು ಸರ್."

"ತೆಗೀತೀಯಾ?"

"ಇಲ್ಲ ಸರ್."

"ಸರಿ, ಇರಲಿ" ಎಂದು ಇಟ್ಟರು.

ಅಲ್ಲೇ ಲ್ಯಾಪ್‌ಟಾಪು ತೆಗೆದು ಡಬ್ಬವನ್ನು ನಕ್ಷೆಗೆ ಸೇರಿಸಿ ಕಳಿಸಿ, ಪಾಷಣ್ಣನಿಗೆ ಹೇಳಿದೆ. "ಅಂಗಾರೆ ಅಡಗು ನಿಲ್ತದೆ" ಎಂದು ಕೈಯ ಗ್ರೀಸು ಒರೆಸಿಕೊಂಡರು. ತೊಟ್ಟಿಲನ್ನು ಗುಜರಿಗೆ ಹಾಕಬೇಡಿ, ಇನ್ನೊಂದು ದೋಣಿಗೆ ಬೇಕಾಗಬಹುದು ಎಂದೆ. ಅವರು ಅದನ್ನು ಆಗಲೇ ಮೂಲೆಗೆ ಸರಿಸಿ ಮೇಲೆ ಗೋಣಿ ಹೊದಿಸಿದ್ದರು.

ಆ ದಿನ ನಲ್ಲಿ ಬಂದಿತ್ತು. ಮನೆಯ ಮುಂದೆ ಬಿಂದಿಗೆ, ಡ್ರಮ್ಮು, ಬಕೆಟ್ಟು ಎಲ್ಲ ತುಂಬಿ ನಿಂತಿದ್ದವು. ಸಾಲಿನ ಕೊನೆಯಲ್ಲಿ ಪಾಷಣ್ಣ ಮಾಡಿದ ಡಬ್ಬ, ಪೈಪಿನ ಬಾಯಿಗೆ ಬಿರಡೆ ಹಾಕಿಸಿಕೊಂಡು, ಅದೂ ಅಂಚಿನವರೆಗೆ. ಮಹಬೂಬ್ ಬೀ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತ, ಕಾಗದದಲ್ಲಿ ಅವರ ಹೆಸರು ಹಾಕಿರುವುದಾಗಿ ಹೇಳಿದೆ.

"ಏನಂತ ಬರ್ದಿದ್ದೀಯ?"

"ಅಳತೆ ಡಬ್ಬದ ಉಪಾಯ ನಿಮ್ಮದು ಅಂತ."

"ಟ್ಯಾಂಕು ತುಂಬ್ಸಿದ್ದು ನಾನು ಅಂತ್ಲೂ ಬರ್ದಿದ್ದೀಯಾ?"

"ಬರ್ದಿದ್ದೀನಿ ಅಜ್ಜಿ. ಅದರಿಂದ್ಲೇ ಗೊತ್ತಾಗಿದ್ದು ಅಂತ."

ಅವರು ಒಂದು ಬಿಂದಿಗೆಯ ಬಾಯಿಂದ ಇರುವೆ ತೆಗೆದು ಹಾಕಿದರು. "ಎರಡು ದಿನ ನೀನು ಮುಚ್ಚಳ ತೆಗ್ದು ನೋಡ್ಲಿಲ್ಲ ಅಂತ?"

"ಅದೂ ಬರ್ದಿದ್ದೀನಿ."

"ಅಂಗಾರೆ ಸರಿ" ಎಂದರು. "ಓಗು, ಬಸ್ಸು ತಪ್ಪೋಯ್ತದೆ."